ಅಮ್ಮನಿಗೆ ಆತಂಕವಿದ್ದರೆ ಮಗುವಿಗೂ ಬಂದೇ ಬರುತ್ತದೆಯೇ?

ಜೂನ್ ಬಂತೆಂದರೆ ರಾಜಾಜಿನಗರ, ವಿಜಯನಗರದ ನರ್ಸರಿ ಗೇಟುಗಳ ಮುಂದೆ ಅಳು ಶುರು. ಹೆಚ್ಚಿನ ಮಕ್ಕಳು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತಾರೆ. ಹೊಂದಿಕೊಳ್ಳದ ಮಗುವಿನ ಬಗ್ಗೆ ಮಾತ್ರ ಮನೆಯಲ್ಲೂ ವಾಟ್ಸ್ಆ್ಯಪ್‌ನಲ್ಲೂ ಒಂದೇ ಮಾತು: "ಅವರಮ್ಮನೂ ಹಾಗೇ, ರಕ್ತದಲ್ಲೇ ಬಂದಿದೆ."

ಹೇಳಿಕೆ: ಆತಂಕ ವಂಶದಿಂದ ಬರುತ್ತದೆ, ಏನೂ ಮಾಡಲಾಗದು.

ಸತ್ಯಾಂಶ: ಮೊದಲ ಮಾತು ಅರ್ಧ ನಿಜ. ಎರಡನೆಯದು ಸುಳ್ಳು.

ಜೀನ್‌ಗಳ ಪಾಲೆಷ್ಟು?

ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನ್‌ಗಳು ಬಹುತೇಕ ಒಂದೇ. ಬೇರೆ ಬೇರೆ ಅಂಡಗಳ ಅವಳಿಗಳು ಒಡಹುಟ್ಟಿದವರಷ್ಟೇ ಹೋಲುತ್ತಾರೆ. ಈ ಎರಡು ಬಗೆಯ ಅವಳಿಗಳನ್ನು ಹೋಲಿಸಿದ ಅಧ್ಯಯನಗಳನ್ನೆಲ್ಲ ಸೇರಿಸಿ 2001ರಲ್ಲಿ ವಿಶ್ಲೇಷಿಸಿದಾಗ, ಆತಂಕದ ಕಾಯಿಲೆಗಳಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ. 30ರಿಂದ 40 ಎಂದು ಕಂಡುಬಂತು.

ಹಾಗೆಂದರೆ ನಿಮ್ಮ ಮಗುವಿನ ಭಯದಲ್ಲಿ ಶೇ. 40 ಅಮ್ಮನದು ಎಂದಲ್ಲ. ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಅಷ್ಟು ಭಾಗಕ್ಕೆ ಜೀನ್ ಕಾರಣ ಎಂದರ್ಥ. 'ಭಯದ ಜೀನ್' ಎಂಬ ಒಂದೇ ಜೀನ್ ಇಲ್ಲ. ಹಲವಾರು ಜೀನ್‌ಗಳು ಸೇರಿ, ಒಂದೊಂದೂ ಚೂರುಚೂರು ಪ್ರಭಾವ ಬೀರುತ್ತವೆ. ಹಾಗಾಗಿ ರಕ್ತ ಅಥವಾ ಎಂಜಲಿನ ಜೀನ್ ಪರೀಕ್ಷೆಯಿಂದ ಮಗುವಿನ ಆತಂಕವನ್ನು ಪತ್ತೆಹಚ್ಚಲಾಗದು.

ಉಳಿದದ್ದು?

ಮಕ್ಕಳು ದೊಡ್ಡವರ ಮುಖ ನೋಡಿ ಭಯ ಕಲಿಯುತ್ತಾರೆ. ಅಪ್ಪ, ಅಜ್ಜಿ, ಟೀಚರ್ ಎಲ್ಲರೂ ಇದರಲ್ಲಿದ್ದಾರೆ, ಅಮ್ಮ ಒಬ್ಬಳೇ ಅಲ್ಲ. ಇದನ್ನು ಬದಲಿಸಬಹುದೇ? ಅಮೆರಿಕದಲ್ಲಿ, ಆತಂಕದ ಕಾಯಿಲೆಯಿರುವ ತಂದೆ ಅಥವಾ ತಾಯಿಯಿದ್ದ 136 ಕುಟುಂಬಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ತರಬೇತಿ ಸಿಗದ ಗುಂಪಿನ ಸುಮಾರು ಶೇ. 31 ಮಕ್ಕಳಲ್ಲಿ ಒಂದು ವರ್ಷದೊಳಗೆ ಕಾಯಿಲೆ ಕಾಣಿಸಿತು. ಮನೆಮಂದಿಗೆ ತರಬೇತಿ ಸಿಕ್ಕ ಗುಂಪಿನಲ್ಲಿ ಅದು ಶೇ. 10ಕ್ಕಿಂತ ಕಡಿಮೆ.

ಏನು ಮಾಡಬಹುದು?

• "ಪುಕ್ಕಲ" ಎಂದು ಹಂಗಿಸಬೇಡಿ. "ಭಯ ಆಗ್ತಿದೆಯಾ ಕಂದ?" ಎಂದು ಕೇಳಿ.
• ಹೇಳದೆ ಗೇಟಿನಿಂದ ಜಾರಿಕೊಳ್ಳಬೇಡಿ. ಟಾಟಾ ಹೇಳಿ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ.
• ಭಯಪಡುವ ಕೆಲಸವನ್ನು ಪೂರ್ತಿ ಬಿಡಿಸದೆ, ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಿ.

ನಾಲ್ಕು ವಾರ ಕಳೆದರೂ ಅಳು, ಶಾಲೆಯ ದಿನ ಮಾತ್ರ ಹೊಟ್ಟೆನೋವು, ನಿದ್ದೆಗೇಡು ಮುಂದುವರಿದರೆ ವೈದ್ಯರನ್ನು ಕಾಣಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

"ರಕ್ತದಲ್ಲೇ ಇದೆ" ಎಂಬ ಮೆಸೇಜ್ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಆ ಗ್ರೂಪಿಗೆ ಈ ನಂಬರ್ ಕಳಿಸಿ.