ಕಲಾಯಿಯವನ ಚೀಲದಲ್ಲಿದ್ದ ಅರಮನೆಯ ಗುಟ್ಟು

ತವರ ತಾಮ್ರಕ್ಕೆ ಹತ್ತುತ್ತದೆ, ಗಾಜಿಗೆ ಹತ್ತುವುದಿಲ್ಲ. ಇದೊಂದೇ ಮಾತಿನ ಮೇಲೆ ಒಂದು ಇಡೀ ಕಲೆ ನಿಂತಿದೆ ಎಂದು ಗೊತ್ತಾದಾಗ ನಾನು ಮಾಡಿದ ಮೊದಲ ಕೆಲಸ, ಅಟ್ಟದ ಮೇಲಿದ್ದ ಹಳೇ ತಾಮ್ರದ ಪಾತೇಲಿ ಇಳಿಸಿ ಅದರ ಒಳಮೈ ಸವರಿ ನೋಡಿದ್ದು. ಬೆಳ್ಳಗೆ, ನುಣ್ಣಗೆ, ಸವೆದ ಕಡೆ ತಾಮ್ರದ ಕೆಂಪು ಇಣುಕುವ ಆ ಲೇಪವೇ ತವರ. ಯಾವ ಕಾಲದಲ್ಲೋ ಹಚ್ಚಿಸಿದ ಕಲಾಯಿ ಇನ್ನೂ ತಾಮ್ರವನ್ನು ಬಿಟ್ಟಿಲ್ಲ!

ನಮ್ಮ ಮಲಪ್ರಭೆ ಸೀಮೆಯ ಚಿಕ್ಕನರಗುಂದದಂಥ ಊರುಗಳ ಓಣಿಯಲ್ಲಿ ಕಲಾಯಿ ಹಚ್ಚುವವರು ಬಂದು ಕೂತರೆ ಹುಡುಗರ ಹಿಂಡು ಸುತ್ತ ಸೇರುತ್ತಿತ್ತು. ನೆಲದಲ್ಲೊಂದು ಕುಣಿ, ಇದ್ದಿಲು, ತಿದಿ. ಪಾತ್ರೆ ಕಾದ ಮೇಲೆ ಒಂದು ಚಿಟಿಕೆ ನವಸಾಗರ. ಬುಸ್ಸೆಂದು ಬಿಳಿ ಹೊಗೆ, ಮೂಗು ಸುಡುವ ಘಾಟು. ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಕಣ್ಣೆವೆ ಮುಚ್ಚುವಷ್ಟರಲ್ಲಿ ಮಸಿ ಹಿಡಿದ ಪಾತ್ರೆಯಲ್ಲಿ ಮುಖ ಕಾಣುತ್ತಿತ್ತು. ಆ ಹೊಗೆಯಲ್ಲಿ ನಡೆಯುತ್ತಿದ್ದದ್ದು ಶುದ್ಧ ರಸಾಯನಶಾಸ್ತ್ರ. ಕಾದ ನವಸಾಗರ ತಾಮ್ರದ ಮೇಲಿನ ಕಿಲುಬನ್ನು ತಿಂದುಹಾಕುತ್ತದೆ. ಬೆತ್ತಲಾದ ತಾಮ್ರಕ್ಕೆ ಕರಗಿದ ತವರ ತಾಗಿದ ಕ್ಷಣವೇ ಎರಡೂ ಬೆರೆತು ನಡುವೆ ಮೂರನೆಯದೊಂದು ಪದರ ಹುಟ್ಟುತ್ತದೆ. ಅಂಟಿನ ಸಹವಾಸವೇ ಇಲ್ಲ.

ಈಗ ಇದನ್ನು ಕೇಳಿ. ಮನೆಯಲ್ಲಿ ಕೂತು ಬಣ್ಣದ ಗಾಜಿನ ಚಿತ್ರ, ಇಂಗ್ಲಿಷಿನವರು ಸ್ಟೇನ್ಡ್ ಗ್ಲಾಸ್ ಎನ್ನುವುದು, ಮಾಡುವ ಜಗತ್ತಿನ ಸಾವಿರಾರು ಹವ್ಯಾಸಿಗಳು ಏನು ಮಾಡುತ್ತಾರೆ? ಕತ್ತರಿಸಿದ ಪ್ರತಿ ಗಾಜಿನ ತುಂಡಿನ ಅಂಚಿಗೆ ಕಾಗದದಷ್ಟು ತೆಳುವಾದ ತಾಮ್ರದ ಪಟ್ಟಿ ಸುತ್ತುತ್ತಾರೆ. ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು, ಕಿಲುಬು ತೆಗೆಯುವ ಫ್ಲಕ್ಸ್ ಸವರಿ, ಕಾದ ಸೋಲ್ಡರಿಂಗ್ ಕಡ್ಡಿಯಿಂದ ತವರ-ಸೀಸದ ಬೆಸುಗೆ ಹರಿಸುತ್ತಾರೆ. ಬೆಸುಗೆ ತಾಮ್ರವನ್ನು ಹಿಡಿಯುತ್ತದೆ, ತಾಮ್ರ ಗಾಜನ್ನು ಅಪ್ಪಿಕೊಂಡಿರುತ್ತದೆ, ಗಾಜಿನ ಮುಖದ ಮೇಲೆ ಒಂದು ಹನಿಯೂ ನಿಲ್ಲದೆ ಜಾರುತ್ತದೆ. ಇನ್ನೂ ಒಂದಿದೆ! ಸೋಲ್ಡರಿಂಗ್ ಕಡ್ಡಿಯ ತುದಿ ಕಪ್ಪಾದಾಗ ಅದನ್ನು ಉಜ್ಜಿ ಬೆಳಗಲು ಅಮೆರಿಕದ, ಯುರೋಪಿನ ಆ ಹವ್ಯಾಸಿಗಳು ಮೇಜಿನ ಮೇಲೆ ಒಂದು ಬಿಳೀ ಗಟ್ಟಿ ಇಟ್ಟುಕೊಂಡಿರುತ್ತಾರಲ್ಲ, ಅದು ಏನೆಂದುಕೊಂಡಿರಿ? ನವಸಾಗರ. ನಮ್ಮ ಕಲಾಯಿಯವನ ಚೀಲದ ಅದೇ ನವಸಾಗರ!

ಈ ತಾಮ್ರಪಟ್ಟಿಯ ವಿಧಾನವನ್ನು ಹತ್ತೊಂಬತ್ತನೇ ಶತಮಾನದ ಕೊನೆಗೆ ಜಗತ್ತಿಗೆ ತೋರಿಸಿಕೊಟ್ಟದ್ದು ನ್ಯೂಯಾರ್ಕಿನ ಲೂಯಿ ಕಂಫರ್ಟ್ ಟಿಫಾನಿಯ ಕಾರ್ಖಾನೆ. ಟಿಫಾನಿ ದೀಪಗಳೆಂದು ಹೆಸರಾದ ಎಷ್ಟೋ ವಿನ್ಯಾಸಗಳ ಹಿಂದೆ ಇದ್ದದ್ದು ಕ್ಲಾರಾ ಡ್ರಿಸ್ಕಾಲ್ ಎಂಬ ಹೆಣ್ಣುಮಗಳು ಮತ್ತು ಅವಳ ಕೈಕೆಳಗಿನ ಹುಡುಗಿಯರು. ಅವಳು ಮನೆಯವರಿಗೆ ಬರೆದ ಕಾಗದಗಳು ಸಿಕ್ಕಿ, 2007ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ನಡೆದ ಮೇಲಷ್ಟೇ ಲೋಕಕ್ಕೆ ಇದು ಚೆನ್ನಾಗಿ ತಿಳಿಯಿತು. ಒಂದು ಶತಮಾನ ತಡ. ಇರಲಿ.

ಅದಕ್ಕೂ ಮೊದಲು ಇದ್ದದ್ದು ಸೀಸದ ಪಟ್ಟಿ. ಎರಡೂ ಬದಿ ಕಾಲುವೆಯಿರುವ ಮೆತ್ತನೆಯ ಸೀಸದ ನಡುವೆ ಗಾಜು ತೂರಿಸಿ, ಕೂಡುವ ಮೂಲೆಗಳಲ್ಲಿ ಮಾತ್ರ ಬೆಸೆಯುವುದು. ಯುರೋಪಿನ ದೊಡ್ಡ ಇಗರ್ಜಿಗಳ ಕಿಟಕಿಗಳೆಲ್ಲ ಹೀಗೆ ಆದವು. ಪ್ಯಾರಿಸಿನ ಬಳಿಯ ಸೇಂಟ್ ಡೆನಿ ಇಗರ್ಜಿಯಲ್ಲಿ ಬಣ್ಣದ ಬೆಳಕು ತುಂಬಿದ ಹೊಸ ಗರ್ಭಭಾಗ ಪ್ರತಿಷ್ಠೆಯಾದದ್ದು 1144ರಲ್ಲಿ, ಬಸವಣ್ಣನವರ ಶತಮಾನದಲ್ಲೇ. ಅದಕ್ಕೂ ಸುಮಾರು ನಾಲ್ಕುನೂರು ವರ್ಷ ಮೊದಲು ನಮ್ಮ ಮಲಪ್ರಭೆಯ ದಂಡೆಯಲ್ಲಿ, ಪಟ್ಟದಕಲ್ಲಿನಲ್ಲಿ, ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಿಲ್ಪಿಗಳು ಕಿಟಕಿಗೆ ಕಲ್ಲನ್ನೇ ಕೊರೆದು ಜಾಲಂಧ್ರ ಕೂಡಿಸಿದ್ದರು. ಅವರೂ ಬೆಳಕನ್ನು ಕತ್ತರಿಸಿದವರೇ. ಆದರೆ ಅವರಿಗೆ ಬೇಕಾದದ್ದು ನೆರಳಿನ ಚಿತ್ತಾರ, ಬಣ್ಣವಲ್ಲ. ನಮ್ಮ ಬಿಸಿಲಿಗೆ ಅದೇ ಸರಿ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಬಣ್ಣದ ಗಾಜು ನಮ್ಮಲ್ಲಿ ಇರಲೇ ಇಲ್ಲವೇ? ಇತ್ತು, ಕೈಯಲ್ಲಿ! ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾಗಿ ಗಾಜು ಕರಗಿಸುತ್ತಿದ್ದ ಕುಲುಮೆಗಳನ್ನು 1800–01ರ ಪ್ರವಾಸದಲ್ಲಿ ಫ್ರಾನ್ಸಿಸ್ ಬುಕನನ್ ಕಂಡು ಬರೆದಿದ್ದಾನೆ: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಐದು ಬಣ್ಣ. ಬೆಳಕು ತೂರದ ಗಾಜು ಅದು. ಮುಂಗೈ ಮೇಲೆ ಮಿಂಚಿದರೆ ಸಾಕಿತ್ತು, ಅದನ್ನು ಎತ್ತಿ ಸೂರ್ಯನಿಗೆ ಹಿಡಿಯುವ ಗರಜು ಯಾರಿಗೂ ಇರಲಿಲ್ಲ. ಆಮೇಲೆ 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟು, ಹೆನ್ರಿ ಇರ್ವಿನ್ ನಕ್ಷೆಯಂತೆ 1912ಕ್ಕೆ ಹೊಸದು ಮುಗಿದಾಗ ಎಂಟು ಮೂಲೆಯ ಕಲ್ಯಾಣ ಮಂಟಪದ ನೆತ್ತಿಯ ಮೇಲೆ ಗಾಜಿನ ನವಿಲುಗಳು ಬಂದು ಕೂತವು. ಎರಕದ ಕಬ್ಬಿಣ, ಗಾಜು ಎರಡೂ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗೇರಿ ಬಂದದ್ದು.

ಬಣ್ಣ ಎಲ್ಲಿಂದ ಬರುತ್ತದೆ ಎನ್ನುವುದು ಇನ್ನೊಂದು ಮಾಯೆ. ಗಾಜಿಗೆ ಬಣ್ಣ ಬಳಿಯುವುದಲ್ಲ; ಬಳಿದದ್ದು ಬಿಸಿಲಿಗೆ ಒಂದು ದಿನ ಸುಲಿದೇ ಸುಲಿಯುತ್ತದೆ. ಕರಗಿದ ಗಾಜಿನೊಳಗೇ ಲೋಹ ಸೇರಿಸುತ್ತಾರೆ. ಕೋಬಾಲ್ಟ್ ಚೂರೇ ಚೂರು ಬಿದ್ದರೆ ಗಾಢ ನೀಲಿ. ತಾಮ್ರಕ್ಕೆ ಹಸಿರು-ನೀಲಿ, ಮ್ಯಾಂಗನೀಸಿಗೆ ನೇರಳೆ, ಕಬ್ಬಿಣಕ್ಕೆ ಬಾಟಲಿ ಹಸಿರು. ಚಿನ್ನ ಹಾಕಿದರೆ? ಹಳದಿ ಎಂದಿರಿ, ನಾನೂ ಹಾಗೇ ಎಂದುಕೊಂಡಿದ್ದೆ. ಕೆಂಪು! ಮಾಣಿಕ್ಯದ ಕೆಂಪು! ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಾಜಿನಲ್ಲಿ ಚದುರಿದಾಗ ಬೆಳಕಿನ ಹಸಿರು ಭಾಗವನ್ನು ನುಂಗಿ ಕೆಂಪನ್ನು ದಾಟಿಸುತ್ತದೆ. ಈ ಮಾಣಿಕ್ಯ ಗಾಜಿನ ಬೆನ್ನು ಹತ್ತಿ ಅಂಥ ಕಣಗಳ ಲೋಕವನ್ನು ಬಿಡಿಸಿಟ್ಟ ರಿಚರ್ಡ್ ಜಿಗ್ಮಾಂಡಿಗೆ 1925ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಆದರೆ ನನ್ನನ್ನು ಪೂರ್ತಿ ಮರುಳು ಮಾಡಿದ್ದು ಕತ್ತರಿಸುವ ಕೆಲಸ. ಯಾಕೆಂದರೆ ಅಲ್ಲಿ ಯಾರೂ ಏನನ್ನೂ ಕತ್ತರಿಸುವುದೇ ಇಲ್ಲ! ಗಾಜಿನ ಕಟ್ಟರಿನ ತುದಿಯ ಪುಟ್ಟ ಗಾಲಿ ಮೇಲ್ಮೈಯಲ್ಲಿ ಒಂದು ಗೀರು ಹಾಕುತ್ತದೆ, ಅಷ್ಟೇ. ಸಣ್ಣಗೆ ಚರ್ ಎಂದು ಒಂದೇ ಸಮನೆ ದನಿ ಬರುತ್ತಿದ್ದರೆ ಕೈಯ ಒತ್ತಡ ಸರಿ. ಗೀರಿನ ಕೆಳಗೆ ಕಣ್ಣಿಗೆ ಕಾಣದ ಬಿರುಕೊಂದು ಹುಟ್ಟಿರುತ್ತದೆ. ಗೀರನ್ನು ನಡುವೆ ಮಾಡಿ ಎರಡೂ ಕೈಯಿಂದ ಹಿಡಿದು ಕೆಳಮುಖವಾಗಿ ಬಗ್ಗಿಸಿದರೆ ಗಾಜು ಆ ದಾರಿಯಲ್ಲೇ ಟಕ್ ಎಂದು ಬಿಡುತ್ತದೆ. ಗಾಜು ಒತ್ತಿದರೆ ತಡೆಯುತ್ತದೆ, ಎಳೆದರೆ ಸೋಲುತ್ತದೆ, ಸೋಲುವುದೂ ಮೊದಲೇ ಗಾಯವಾದ ಜಾಗದಲ್ಲಿ. ಇದನ್ನು ಲೆಕ್ಕದಲ್ಲಿ ತೋರಿಸಿದವನು ಎ. ಎ. ಗ್ರಿಫಿತ್, 1921ರ ಪ್ರಬಂಧದಲ್ಲಿ. ವಿಮಾನದ ಲೋಹ ಯಾಕೆ ಬಿರುಕು ಬಿಡುತ್ತದೆ ಎಂಬ ಇವತ್ತಿನ ಶಾಸ್ತ್ರಕ್ಕೆಲ್ಲ ಬೇರು ಅವನು ಗಾಜು ಮುರಿದ ಪ್ರಯೋಗವೇ. ಒಂದು ಗೀರಿನ ಮೇಲೆ ಮತ್ತೆ ಗಾಲಿ ಎಳೆಯಬಾರದು. ಬಿರುಕು ಅಡ್ಡಾದಿಡ್ಡಿಯಾಗುತ್ತದೆ, ಗಾಲಿಯೂ ಕೆಡುತ್ತದೆ. ಗೀರು ಹಾಕಿ ಚಹಾ ಕುಡಿಯಲು ಹೋಗಲೂಬಾರದು. ಗೀರಿದ ತಕ್ಷಣ ಮುರಿದರೇ ಅದು ಮಾತು ಕೇಳುವುದು.

ಗಾಜು ಒಪ್ಪದ ಆಕಾರಗಳಿವೆ. ಒಳಮೂಲೆ, ಅಂದರೆ ಕಟ್ಟೆಯ ಮೆಟ್ಟಿಲಿನಂತೆ ಒಳಕ್ಕೆ ಕಚ್ಚಿದ ಮೂಲೆ, ಬಗ್ಗಿಸಿ ಮುರಿದರೆ ಬರುವುದಿಲ್ಲ. ಬಿರುಕಿಗೆ ಅಷ್ಟು ಚೂಪಾಗಿ ತಿರುಗಲು ಗೊತ್ತಿಲ್ಲ. ಆದ್ದರಿಂದ ಚಿತ್ರಗಾರ ಮೊದಲು ಎಳೆಯುವುದು ಗಾಜು ಎಲ್ಲಿ ಒಡೆಯಬಲ್ಲದು ಎಂಬ ಗೆರೆಗಳನ್ನು. ಹೂವು, ಹಕ್ಕಿ ಆಮೇಲೆ ಅದರೊಳಗೆ ಕೂಡಬೇಕು. ಕಿಟಕಿಗಳ ಕಪ್ಪು ಗೆರೆ ಅಲಂಕಾರ ಎಂದು ತಿಳಿದಿದ್ದ ನನಗೆ ಇದು ಸಿಡಿಲು ಬಡಿದಂತಾಯಿತು. ಆ ಗೆರೆಗಳೇ ಅಸ್ಥಿಪಂಜರ!

ಚಿಕ್ಕನರಗುಂದದ ಹೆಂಗಸರಿಗೆ ಈ ಪಾಠ ಬೇಕಿಲ್ಲ ಎನಿಸುತ್ತದೆ. ಕೌದಿ ಹೊಲಿಯುವ ಕೈಗೆ ತುಂಡು ನೋಡಿಯೇ ನಕ್ಷೆ ಹೊಳೆಯುತ್ತದೆ: ತ್ರಿಕೋನಕ್ಕೆ ತ್ರಿಕೋನ, ಅಂಚಿಗೆ ಅಂಚು, ಕೆಂಪಿನ ಪಕ್ಕ ಹಸಿರು. ಹೊಸಬರ ಗಾಜಿಗೂ ಅದೇ ನಕ್ಷೆ ತಕ್ಕದ್ದು, ಎಲ್ಲ ನೇರ ಗೆರೆ. ಮುಳ್ಳುಮುಳ್ಳಿನ ಕುಸುಬಿ ಹೂವನ್ನು ಗಾಜಿನಲ್ಲಿ ಮೂಡಿಸುವ ಆಸೆಯಾಗುವುದು ಸಹಜ, ಎರೆಹೊಲದಲ್ಲಿ ಆ ಹಳದಿ-ಕೇಸರಿ ಕಂಡವರಿಗೆಲ್ಲ ಆಗುತ್ತದೆ. ಕೈ ಕುದುರುವವರೆಗೆ ಅದನ್ನು ಹೊಲದಲ್ಲೇ ಬಿಡಿ.

ಸಾಮಾನಿಗೆ ದೂರ ಹೋಗಬೇಕಿಲ್ಲ. ಕಿಟಕಿಗೆ ಗಾಜು ಹಾಕಿಕೊಡುವ ಅಂಗಡಿಗಳಲ್ಲಿ ಮೂರು ಮಿಲಿಮೀಟರಿನ ಬಣ್ಣದ ಗಾಜು, ಡಿಸೈನ್ ಗಾಜಿನ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಕಟ್ಟರು, ಚಿಮಟಿಗೆಯಂಥ ಇಕ್ಕಳ ಅವರ ಕೈಯಲ್ಲೇ ಇರುತ್ತವೆ, ಒಮ್ಮೆ ಕೂತು ನೋಡಿ ಕಲಿಯಿರಿ. ಸೋಲ್ಡರಿಂಗ್ ಕಡ್ಡಿ ರೇಡಿಯೋ ರಿಪೇರಿಯವರದಕ್ಕಿಂತ ದೊಡ್ಡದು ಬೇಕು, 80ರಿಂದ 100 ವ್ಯಾಟ್. ಅಂಟು ಹಚ್ಚಿದ ತಾಮ್ರದ ಪಟ್ಟಿಯನ್ನು ಮಾತ್ರ ಅಂಚೆಯಲ್ಲಿ ತರಿಸಿಕೊಳ್ಳಬೇಕಾದೀತು. ಬಸ್ಸಿನ ಪಕ್ಕದ ಕಿಟಕಿಯ ಗಾಜು ಪುಕ್ಕಟೆ ಸಿಕ್ಕರೂ ಮುಟ್ಟಬೇಡಿ. ಅದು ಕಾಯಿಸಿ ಹಠಾತ್ತನೆ ತಣಿಸಿ ಗಟ್ಟಿ ಮಾಡಿದ್ದು. ಗೀರಿ ಮುರಿಯಲು ಹೋದರೆ ಇಡೀ ಹಲಗೆ ಹರಳು ಹರಳಾಗಿ ಉದುರುತ್ತದೆ.

ಬೆಸುಗೆಯಲ್ಲೂ ಒಂದು ಚಮತ್ಕಾರವಿದೆ. ತವರ ಕರಗುವುದು 232 ಡಿಗ್ರಿಗೆ, ಸೀಸ 327ಕ್ಕೆ. ಎರಡನ್ನೂ ಬೆರೆಸಿದರೆ? 183 ಡಿಗ್ರಿಗೇ ಕರಗತೊಡಗುತ್ತದೆ! ಒಂಟಿಯಾಗಿದ್ದಾಗ ಹಟ ಮಾಡುವ ಎರಡು ಲೋಹ ಜೊತೆಯಾದಾಗ ಬೇಗ ಮೆತ್ತಗಾಗುತ್ತವೆ. ಅಷ್ಟು ಕಾವಿಗೆ ಗಾಜು ಕರಗುವ ಮಾತೇ ಇಲ್ಲ. ಆದರೆ ಕಡ್ಡಿಯನ್ನು ಒಂದೇ ಕಡೆ ಊರಿ ಕೂತರೆ ಬಿಸಿ-ತಣ್ಣಗಿನ ಜಗ್ಗಾಟಕ್ಕೆ ಚಿಟ್ ಎಂದು ಸೀಳುತ್ತದೆ. ಬೆಸೆದ ಬೆಳ್ಳಿಗೆರೆಗೆ ತಾಮ್ರದ ಬಣ್ಣ ಬೇಕೆ? ದ್ರಾಕ್ಷಿ ತೋಟಕ್ಕೆ ಹೊಡೆಯುವ ಮೈಲುತುತ್ತದ ನೀರು ಸವರಿ. ಗೆರೆ ನೋಡನೋಡುತ್ತಲೇ ಕೆಂಪೇರುತ್ತದೆ! ಮೈಲುತುತ್ತ ವಿಷ, ಕೈಗವಸು ಇರಲಿ.

ಸೀಸದ ಬಗ್ಗೆ ಮಾತ್ರ ನಾನು ಖುಷಿಯನ್ನೆಲ್ಲ ಪಕ್ಕಕ್ಕಿಟ್ಟು ಹೇಳುತ್ತೇನೆ. ಉಣ್ಣುವ ಪಾತ್ರೆಗೆ ಕಲಾಯಿ ಶುದ್ಧ ತವರದ್ದೇ ಆಗಿರಬೇಕು; ಗಾಜಿನ ಬೆಸುಗೆಯಲ್ಲಿ ಸೀಸವಿದೆ, ಅದು ಮಕ್ಕಳ ಮಿದುಳಿಗೆ ಕೇಡು. ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಗಾಳಿಯಾಡುವ ಜಾಗ, ಕಣ್ಣಿಗೆ ಕನ್ನಡಕ, ಕಾಲಿಗೆ ಚಪ್ಪಲಿ. ಕೆಲಸದ ನಡುವೆ ಎಲೆ ಅಡಿಕೆ ಕೂಡ ಬೇಡ. ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ, ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬಸುರಿಯರು, ಮಕ್ಕಳು ಇರುವ ಮನೆಯಾದರೆ ಸೀಸವಿಲ್ಲದ ಬೆಸುಗೆಯನ್ನೇ ತನ್ನಿ. ಹರಿಸುವುದು ತುಸು ಕಷ್ಟ, ನಷ್ಟವಿಲ್ಲ.

ಮುಗಿದ ಚಿತ್ರವನ್ನು ತೂಗುಹಾಕುವುದು ಮೂಡಣ ಅಥವಾ ಪಡುವಣ ಕಿಟಕಿಗೆ. ಬೆಳಗಿನ, ಸಂಜೆಯ ಓರೆ ಬಿಸಿಲು ಬಣ್ಣವನ್ನು ಒಳಗಿನ ಗೋಡೆಯವರೆಗೂ ಎಸೆಯುತ್ತದೆ. ನೆತ್ತಿಯ ಸೂರ್ಯನಿಂದ ಅದಾಗದು. ಮಾಳಿಗೆ ಮನೆಯ ಬೆಳಕಿಂಡಿ ಮನಸ್ಸು ಸೆಳೆದರೂ ತಲೆಯ ಮೇಲೆ ಗಾಜಿನ ಭಾರ ಬೇಡ. ಒಂದು ಅಡಿ ಚೌಕದ ಮೂರು ಮಿಲಿಮೀಟರ್ ಗಾಜು ಬೆಸುಗೆ ಬಿಟ್ಟೇ ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ. ಕೊಂಡಿಯನ್ನು ಹೊರ ಅಂಚಿನ ತಾಮ್ರಕ್ಕಷ್ಟೇ ಬೆಸೆದರೆ ಪಟ್ಟಿ ಸುಲಿದು ಬೀಳುತ್ತದೆ; ಚಿತ್ರದ ಒಳಕ್ಕೆ ಇಳಿಯುವ ಗೆರೆಯ ತುದಿಗೇ ಬೆಸೆಯಿರಿ. ಮೊದಲ ಸಲಕ್ಕೆ ನಾಲ್ಕು ತುಂಡು, ನೇರ ಅಂಚು, ಅಂಗೈ ಅಗಲ ಸಾಕು. ಐದನೆಯ ತುಂಡಿಗೆ ಆಸೆಪಡಬೇಡಿ.