ಹುಡುಗಿಯರ ಮೂಳೆಗೆ ಕುಣಿದಾಟವೇ ಗೊಬ್ಬರ

ಮೂಳೆ ಎಂದೊಡನೆ ಪ್ರಯೋಗಾಲಯದ ಮೂಲೆಯಲ್ಲಿ ತೂಗುಹಾಕಿದ ಅಸ್ಥಿಪಂಜರವೇ ಮಕ್ಕಳ ಕಣ್ಣಮುಂದೆ ಬರುತ್ತದೆ. ಆದರೆ ಬದುಕಿರುವವರ ಮೂಳೆ ಜಡವಸ್ತುವಲ್ಲ. ಅಲ್ಲಿ ಹಗಲಿರುಳೂ ದುರಸ್ತಿ ನಡೆದಿರುತ್ತದೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸಿದರೆ, ಇನ್ನೊಂದು ಬಗೆಯವು ಆ ಗುಂಡಿಗೆ ಹೊಸ ಮೂಳೆ ತುಂಬುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಮೂಳೆ ಹೀಗೆ ಹೊಸದಾಗುತ್ತದೆ.

ಎಳೆಯ ವಯಸ್ಸಿನಲ್ಲಿ ತುಂಬುವ ಕೆಲಸದ್ದೇ ಮೇಲುಗೈ. ಹುಡುಗಿಗೆ 18 ತುಂಬುವ ಹೊತ್ತಿಗೆ ಅವಳ ಜೀವಮಾನದ ಮೂಳೆ ಗಳಿಕೆಯ ಸುಮಾರು ಶೇ. 90 ಭಾಗ ಮುಗಿದಿರುತ್ತದೆ. 30ರ ಆಸುಪಾಸಿನವರೆಗೆ ಅಲ್ಪಸ್ವಲ್ಪ ಸೇರೀತು. ಆಮೇಲೆ ಖರ್ಚಿನದೇ ಲೆಕ್ಕ. ಮುಟ್ಟು ನಿಂತಾಗ ಈಸ್ಟ್ರೋಜೆನ್ ಹಾರ್ಮೋನು ಇಳಿದು, ಕರಗಿಸುವ ಕೋಶಗಳಿಗೆ ಕಡಿವಾಣ ತಪ್ಪುತ್ತದೆ. ನಂತರದ ಐದಾರು ವರ್ಷಗಳಲ್ಲಿ ಕೆಲವರು ಐದನೇ ಒಂದು ಪಾಲಿನವರೆಗೂ ಮೂಳೆ ಕಳೆದುಕೊಳ್ಳುವುದುಂಟು. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಳ್ಳುವ ಅಜ್ಜಿಯ ಕಥೆ ಶುರುವಾಗಿರುವುದು ಎಷ್ಟೋ ವರ್ಷ ಹಿಂದೆ.

ಭಾರ ಬಿದ್ದ ಕಡೆ ಮೂಳೆ ಬಲಿಯುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಷ್ಟು ಹಿಂದೆಯೇ ನಿಯಮವಾಗಿ ಹೇಳಿದ್ದ. ಫಿನ್ಲೆಂಡಿನ ವಿಜ್ಞಾನಿಗಳು 1995ರಲ್ಲಿ ಟೆನಿಸ್ ಮತ್ತು ಸ್ಕ್ವಾಷ್ ಆಟಗಾರ್ತಿಯರ ಎರಡೂ ತೋಳುಗಳನ್ನು ಅಳೆದು ಹೋಲಿಸಿದರು. ಪ್ರಯೋಗದ ಸೊಗಸು ನೋಡಿ: ಎರಡು ತೋಳಿಗೂ ಒಂದೇ ಊಟ, ಒಂದೇ ವಂಶವಾಹಿ; ವ್ಯತ್ಯಾಸ ಆಟದ್ದು ಮಾತ್ರ. ಬ್ಯಾಟು ಹಿಡಿಯುವ ತೋಳಿನ ಮೂಳೆ ಹೆಚ್ಚು ತುಂಬಿತ್ತು. ಋತುಮತಿಯಾಗುವ ಮೊದಲೇ ಅಥವಾ ಆ ವೇಳೆಗೆ ಆಟ ಶುರುಮಾಡಿದವರಿಗೆ, ಹದಿನೈದು ವರ್ಷ ತಡಮಾಡಿದವರಿಗಿಂತ ಎರಡರಿಂದ ನಾಲ್ಕು ಪಟ್ಟು ಲಾಭ ಸಿಕ್ಕಿತ್ತು.

ನಮ್ಮಲ್ಲಿ ಆಗುವುದೇನು? 'ದೊಡ್ಡವಳಾದಳು' ಎಂದು ಮನೆಯಲ್ಲಿ ಆಟ ಬಿಡಿಸುತ್ತೇವೆ. ಹತ್ತನೇ ತರಗತಿ ಎಂದು ಶಾಲೆಯಲ್ಲಿ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುತ್ತೇವೆ. (ವಿಜ್ಞಾನದ ಮೇಷ್ಟ್ರುಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ.) ಕುಂಟೆಬಿಲ್ಲೆ, ಖೋ-ಖೋ, ಹಗ್ಗದಾಟಗಳಲ್ಲಿ ನೆಲಕ್ಕೆ ಪಾದ ಬಡಿಯುವ ಪೆಟ್ಟೇ ಮೂಳೆಗೆ ಬೇಕಾದ್ದು. ಈಜು, ಸೈಕಲ್ ಸವಾರಿ ಹೃದಯಕ್ಕೆ ಒಳ್ಳೆಯವಾದರೂ ಮೂಳೆಗೆ ಅಷ್ಟಾಗಿ ಒದಗುವುದಿಲ್ಲ. ಊಟ ಬಿಟ್ಟು ಅತಿಯಾಗಿ ಓಡಿ ಮುಟ್ಟೇ ನಿಂತುಹೋದ ಹುಡುಗಿಗಂತೂ ವ್ಯಾಯಾಮವೇ ನಷ್ಟ. ಅಂಥವಳನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನು ಜನಾಂಗದ ಮಾತು. ಅಮೆರಿಕದ ಅಳತೆಗಳಲ್ಲಿ ಸರಾಸರಿಯಾಗಿ ಕಪ್ಪು ಮಹಿಳೆಯರ ಮೂಳೆಸಾಂದ್ರತೆ ಬಿಳಿಯರಿಗಿಂತ ಹೆಚ್ಚು, ಏಷ್ಯಾ ಮೂಲದವರದು ಕಡಿಮೆ. ಆದರೆ 'ಡೆಕ್ಸಾ' ಯಂತ್ರ ಕೊಡುವುದು ನಾವು ತರಗತಿಯಲ್ಲಿ ಕಲಿಸುವ ಸಾಂದ್ರತೆಯಲ್ಲ; ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಖನಿಜ ಎಂಬ ಲೆಕ್ಕ. ಘನ ಸೆಂಟಿಮೀಟರಿಗೆ 1 ಗ್ರಾಂ ತೂಗುವ ವಸ್ತುವಿನಿಂದ 2 ಸೆಂ.ಮೀ. ಮತ್ತು 3 ಸೆಂ.ಮೀ. ಬದಿಯ ಎರಡು ಘನಗಳನ್ನು ಮಾಡಿ. ಮೊದಲನೆಯದು 8 ಗ್ರಾಂ, ಅದರ ನೆರಳು 4 ಚದರ ಸೆಂ.ಮೀ.; ಉತ್ತರ 2. ಎರಡನೆಯದು 27 ಗ್ರಾಂ, ನೆರಳು 9, ಉತ್ತರ 3. ವಸ್ತು ಒಂದೇ! ಸಣ್ಣ ಮೈಕಟ್ಟಿನವರ ಮೂಳೆ ಯಂತ್ರಕ್ಕೆ ಬಡವಾಗಿ ಕಾಣಲು ಇದೂ ಒಂದು ಕಾರಣ. ಸಾಂದ್ರತೆ ಕಡಿಮೆಯಿದ್ದರೂ ಪೂರ್ವ ಏಷ್ಯಾದ ಮಹಿಳೆಯರಲ್ಲಿ ಸೊಂಟದ ಮೂಳೆಮುರಿತ ಬಿಳಿಯರಿಗಿಂತ ಕಡಿಮೆಯೇ. ಭಾರತೀಯರಿಗಾಗಿಯೇ ಪ್ರತ್ಯೇಕ ಮಾನದಂಡವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ಪ್ರಕಟಿಸಿತು.

ಹಾಗೆಂದು ಎಲ್ಲವನ್ನೂ ಮೈಕಟ್ಟಿನ ಮೇಲೆ ಹಾಕುವಂತಿಲ್ಲ. ನಮ್ಮವರಲ್ಲಿ ಡಿ ವಿಟಮಿನ್ ಕೊರತೆ ವ್ಯಾಪಕ. ಕಪ್ಪು ಚರ್ಮಕ್ಕೆ ಬಿಸಿಲೂ ಹೆಚ್ಚು ಹೊತ್ತು ಬೇಕು. ಸುಣ್ಣದ ಅಂಶಕ್ಕೆ ರಾಗಿ ಇದೆ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ.

ತಾಯಂದಿರಿಗೂ ಕಾಲ ಮೀರಿಲ್ಲ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಮುಟ್ಟು ನಿಂತ, ಮೂಳೆ ಸವೆದಿದ್ದ ಮಹಿಳೆಯರು ವಾರಕ್ಕೆರಡು ಸಲ ಅರ್ಧರ್ಧ ಗಂಟೆ ತರಬೇತುದಾರರೆದುರು ಭಾರ ಎತ್ತಿದರು. ಎಂಟು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 3 ಏರಿತು. ಮನೆಯಲ್ಲಿ ತಾವಾಗಿಯೇ ಅಕ್ಕಿಮೂಟೆ ಎತ್ತಲು ಹೋಗಬೇಡಿ; ಮೊದಲು ವೈದ್ಯರನ್ನು ಕೇಳಿ.