ಋತುನಿವೃತ್ತಿಯ ಧಗೆಗೆ ಎರಡು ಮದ್ದುಗಳು: ಒಂದು ತುಲನೆ

೧

ಋತುನಿವೃತ್ತಿ ರೋಗವಲ್ಲ, ವಯೋಧರ್ಮ. ಸ್ತ್ರೀಯರಲ್ಲಿ ರಜಸ್ಸು ಹನ್ನೆರಡನೆಯ ವಯಸ್ಸಿನಲ್ಲಿ ತೊಡಗಿ ಐವತ್ತರಲ್ಲಿ ಕ್ಷಯವಾಗುತ್ತದೆಂದು ಸುಶ್ರುತಸಂಹಿತೆ ಹೇಳುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು ೫೧. ಭಾರತದಲ್ಲಿ ಅದಕ್ಕಿಂತ ಮುಂಚೆ, ಸುಮಾರು ೪೬-೪೭. ಆದರೆ ವಯೋಧರ್ಮವೆಂದ ಮಾತ್ರಕ್ಕೆ ಅದರಲ್ಲಿ ಕ್ಲೇಶವಿಲ್ಲವೆಂದು ತಿಳಿಯಲಾಗದು. ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಏರುವ ಧಗೆ, ನಡುರಾತ್ರಿಯಲ್ಲಿ ಹಾಸಿಗೆ ತೊಯ್ಯುವಷ್ಟು ಬೆವರು, ಅದರಿಂದ ನಿದ್ರಾಭಂಗ, ಮರುದಿನ ಬಳಲಿಕೆ ಮತ್ತು ಸಿಡಿಮಿಡಿ: ಇವು ಅನೇಕರ ಅನುಭವ. ಅಮೆರಿಕದಲ್ಲಿ ದೀರ್ಘಕಾಲ ನಡೆದ ಸಮೀಕ್ಷೆಯೊಂದು ೨೦೧೫ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೇಲಿಂದ ಮೇಲೆ ಧಗೆ ಬರುವ ಸ್ತ್ರೀಯರಲ್ಲಿ ಈ ಕಾಟದ ಮಧ್ಯಮ ಅವಧಿ ೭.೪ ವರ್ಷ. ಏಳು ವರ್ಷವೆಂದರೆ ಆಯುಷ್ಯದಲ್ಲಿ ಅಲ್ಪಭಾಗವೇನೂ ಅಲ್ಲ.

ಇದಕ್ಕೆ ವೈದ್ಯರು ಸೂಚಿಸುವ ಮದ್ದುಗಳಲ್ಲಿ ಎರಡು ಬಗೆ ಮುಖ್ಯವಾದುವು. ಒಂದು ಹಾರ್ಮೋನು, ಇನ್ನೊಂದು ಖಿನ್ನತೆನಿವಾರಕ. ಎರಡಕ್ಕೂ ಒಂದೊಂದು ಅಪವಾದ ಅಂಟಿಕೊಂಡಿದೆ. ಹಾರ್ಮೋನೆಂದರೆ ಕ್ಯಾನ್ಸರ್ ಎಂಬ ಭಯ, ಖಿನ್ನತೆಯ ಮಾತ್ರೆಯೆಂದರೆ ತಲೆ ಕೆಟ್ಟವರ ಮದ್ದೆಂಬ ಸಂಕೋಚ. ಈ ಎರಡರ ನಡುವೆ ಸಿಕ್ಕ ಗೃಹಿಣಿ ಯಾವುದನ್ನೂ ತೆಗೆದುಕೊಳ್ಳದೆ ಸಹಿಸುತ್ತಾಳೆ. ಆದುದರಿಂದ ಈ ಅಪವಾದಗಳಲ್ಲಿ ನಿಜವೆಷ್ಟೆಂಬುದನ್ನು ಮೊದಲು ಪರಿಶೀಲಿಸಬೇಕು.

೨

ಹಾರ್ಮೋನಿನ ಇತಿಹಾಸವು ಅತಿಯಾದ ಭರವಸೆ ಮತ್ತು ಅತಿಯಾದ ಭೀತಿಗಳ ನಡುವೆ ತೂಗಾಡಿದ ಇತಿಹಾಸ. ಗರ್ಭಿಣಿ ಹೆಣ್ಣುಗುದುರೆಗಳ ಮೂತ್ರದಿಂದ ಪಡೆದ ಈಸ್ಟ್ರೊಜೆನ್ ಮಾತ್ರೆಯು ೧೯೪೨ರಲ್ಲಿ ಅಮೆರಿಕದ ಪೇಟೆಗೆ ಬಂದಿತು. ೧೯೬೬ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯನು ಗ್ರಂಥವೊಂದನ್ನು ಬರೆದು, ಈ ಮದ್ದಿನಿಂದ ಹೆಣ್ತನವು ಎಂದೆಂದಿಗೂ ಉಳಿಯುವುದೆಂದು ಸಾರಿದನು. ೧೯೭೫ರಲ್ಲಿ, ಈಸ್ಟ್ರೊಜೆನನ್ನು ಒಂಟಿಯಾಗಿ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುವುದೆಂದು ತಿಳಿದುಬಂದಿತು. ಗರ್ಭಕೋಶವಿರುವವರಿಗೆ ಪ್ರೊಜೆಸ್ಟೊಜೆನನ್ನೂ ಕೂಡಿಸಿ ಕೊಡುವ ಪದ್ಧತಿ ಅಲ್ಲಿಂದ ಬಲಗೊಂಡಿತು.

ದೊಡ್ಡ ಆಘಾತವಾದುದು ೨೦೦೨ರಲ್ಲಿ. ಅಮೆರಿಕ ಸರ್ಕಾರದ ನೆರವಿನಿಂದ ೧೬,೬೦೮ ಸ್ತ್ರೀಯರ ಮೇಲೆ ನಡೆಯುತ್ತಿದ್ದ ಸಂಯುಕ್ತ ಹಾರ್ಮೋನಿನ ಪರೀಕ್ಷೆಯನ್ನು ಆ ವರ್ಷದ ಜುಲೈಯಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಸ್ತನದ ಕ್ಯಾನ್ಸರ್ ಶೇಕಡ ೨೬ರಷ್ಟು ಹೆಚ್ಚಿತೆಂಬ ವಾರ್ತೆ ಲೋಕವೆಲ್ಲ ಹರಡಿತು. ಅಂಕಿ ಸುಳ್ಳಲ್ಲ, ಆದರೆ ಶೇಕಡವಾರು ಲೆಕ್ಕದಲ್ಲಿ ಯಾವುದರ ಶೇಕಡ ಎಂಬುದೇ ಮುಖ್ಯ. ವರ್ಷವೊಂದಕ್ಕೆ ಹತ್ತು ಸಾವಿರ ಸ್ತ್ರೀಯರಲ್ಲಿ, ಹುಸಿಮಾತ್ರೆ ಪಡೆದವರಲ್ಲಿ ೩೦ ಮಂದಿಗೆ, ಹಾರ್ಮೋನು ಪಡೆದವರಲ್ಲಿ ೩೮ ಮಂದಿಗೆ ಆ ರೋಗ ಬಂದಿತ್ತು. ಹೆಚ್ಚಿದುದು ಹತ್ತು ಸಾವಿರಕ್ಕೆ ಎಂಟು. ಅಷ್ಟೇ ಜನರ ಲೆಕ್ಕದಲ್ಲಿ ಪಾರ್ಶ್ವವಾಯು ಎಂಟು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಎಂಟು, ಹೃದಯಾಘಾತಾದಿಗಳು ಏಳು ಹೆಚ್ಚಿದುವು. ಸೊಂಟದ ಮೂಳೆಮುರಿತ ಐದು, ದೊಡ್ಡಕರುಳಿನ ಕ್ಯಾನ್ಸರ್ ಆರು ಕಡಮೆಯಾದುವು. ಜಮೆಯನ್ನು ಬಿಟ್ಟು ಖರ್ಚನ್ನು ಮಾತ್ರ ಓದಿದರೆ ಯಾವ ಲೆಕ್ಕವೂ ಸರಿಹೋಗದು.

ಇನ್ನೊಂದು ಸಂಗತಿಯೂ ಉಂಟು. ಆ ಪರೀಕ್ಷೆಗೆ ಸೇರಿದವರ ಸರಾಸರಿ ವಯಸ್ಸು ೬೩. ಧಗೆಯ ಕಾಟದಿಂದ ವೈದ್ಯರಲ್ಲಿಗೆ ಬರುವವರು ಬಹುಮಟ್ಟಿಗೆ ನಲವತ್ತೈದರಿಂದ ಐವತ್ತೈದರವರು. ಮುಟ್ಟು ನಿಂತು ಹತ್ತು ವರ್ಷದೊಳಗೆ, ಅರವತ್ತು ತುಂಬುವ ಮುನ್ನ ಆರಂಭಿಸಿದ ಆರೋಗ್ಯವಂತರಲ್ಲಿ ಅಪಾಯಕ್ಕಿಂತ ಪ್ರಯೋಜನವೇ ಮಿಗಿಲೆಂಬುದು ಈಗ ತಜ್ಞಸಂಘಗಳ ಸಾಮಾನ್ಯ ಅಭಿಪ್ರಾಯ. ಚರ್ಮಕ್ಕೆ ಅಂಟಿಸುವ ಪಟ್ಟಿಯ ಮೂಲಕ ಕೊಟ್ಟ ಈಸ್ಟ್ರೊಜೆನ್, ನುಂಗುವ ಮಾತ್ರೆಯಂತೆ ರಕ್ತ ಹೆಪ್ಪುಗಟ್ಟಿಸುವ ಅಪಾಯವನ್ನು ಹೆಚ್ಚಿಸುವಂತೆ ಕಾಣುವುದಿಲ್ಲ. ೨೦೨೫ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೇ ಈ ಮದ್ದುಗಳ ಮೇಲಿನ ಕಟ್ಟೆಚ್ಚರಿಕೆಯ ಬರಹಗಳಲ್ಲಿ ಹೆಚ್ಚಿನವನ್ನು ತೆಗೆಸುವುದಾಗಿ ಪ್ರಕಟಿಸಿತು.

೩

ಖಿನ್ನತೆಯ ಮದ್ದು ಧಗೆಯನ್ನು ತಗ್ಗಿಸುವುದು ಹೇಗೆಂಬ ಪ್ರಶ್ನೆ ಸಹಜವಾದುದು. ಮೈಯ ಶಾಖವನ್ನು ಹದದಲ್ಲಿಡುವ ಕೇಂದ್ರವು ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿದೆ. ಈಸ್ಟ್ರೊಜೆನ್ ಇಳಿದಾಗ ಆ ಕೇಂದ್ರದ ಸಹನೆ ಕುಗ್ಗುತ್ತದೆ; ಶಾಖವು ಕೂದಲೆಳೆಯಷ್ಟು ಏರಿದರೂ ಅದು ರಕ್ತನಾಳಗಳನ್ನು ಹಿಗ್ಗಿಸಿ ಬೆವರನ್ನು ಹರಿಸುತ್ತದೆ. ಸಿರೊಟೊನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳಿಗೂ ಈ ಕೆಲಸದಲ್ಲಿ ಪಾಲಿದೆ. ಖಿನ್ನತೆನಿವಾರಕಗಳು ವರ್ತಿಸುವುದು ಈ ದ್ರವ್ಯಗಳ ಮೇಲೆ. ಹೀಗಾಗಿ, ಧಗೆಗಾಗಿ ಈ ಮಾತ್ರೆಯನ್ನು ಬರೆದುಕೊಟ್ಟ ವೈದ್ಯನು ರೋಗಿಯ ಮನಸ್ಸಿನ ಮೇಲೆ ತೀರ್ಪು ಕೊಟ್ಟಂತಾಗಲಿಲ್ಲ.

ಈ ಉಪಯೋಗ ಬೆಳಕಿಗೆ ಬಂದುದು ಹಾರ್ಮೋನು ಕೊಡಲಾಗದ ಸ್ತನಕ್ಯಾನ್ಸರಿನ ರೋಗಿಗಳ ಕಷ್ಟದಿಂದ. ಚಾರ್ಲ್ಸ್ ಲೋಪ್ರಿಂಜಿ ಮತ್ತು ಸಂಗಡಿಗರು ೨೦೦೦ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ವೆನ್ಲಫಾಕ್ಸಿನ್ ೭೫ ಮಿಲಿಗ್ರಾಂ ಪಡೆದವರ ಧಗೆ ಶೇಕಡ ೬೧ರಷ್ಟು, ಹುಸಿಮಾತ್ರೆ ಪಡೆದವರದು ಶೇಕಡ ೨೭ರಷ್ಟು ತಗ್ಗಿತು. ೨೦೧೩ರಲ್ಲಿ ಪರಾಕ್ಸೆಟಿನ್ ಎಂಬುದನ್ನು ೭.೫ ಮಿಲಿಗ್ರಾಮಿನ ಕಿರುಪ್ರಮಾಣದಲ್ಲಿ ಈ ಕಾರಣಕ್ಕಾಗಿಯೇ ಬಳಸಲು ಅಮೆರಿಕದಲ್ಲಿ ಅನುಮತಿ ದೊರೆಯಿತು. ಖಿನ್ನತೆಗೆ ಕೊಡುವ ಪ್ರಮಾಣ ಇದಕ್ಕಿಂತ ಹೆಚ್ಚಿನದು.

೪

ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಪರೀಕ್ಷೆಯೊಂದು ೨೦೧೪ರಲ್ಲಿ ಪ್ರಕಟವಾಯಿತು. ೩೩೯ ಸ್ತ್ರೀಯರಲ್ಲಿ ಎಂಟು ವಾರಗಳ ಬಳಿಕ, ಕಿರುಪ್ರಮಾಣದ ಎಸ್ಟ್ರಡಯೋಲ್ ಪಡೆದವರ ಧಗೆ ಶೇಕಡ ೫೩ರಷ್ಟು, ವೆನ್ಲಫಾಕ್ಸಿನ್ ಪಡೆದವರದು ಶೇಕಡ ೪೮ರಷ್ಟು, ಹುಸಿಮಾತ್ರೆಯವರದು ಶೇಕಡ ೨೯ರಷ್ಟು ಕಡಮೆಯಾದುವು. ಮೇಲ್ನೋಟಕ್ಕೆ ಎರಡೂ ಸರಿಸುಮಾರು ಸಮ. ಆದರೆ ಅಲ್ಲಿ ಹಾರ್ಮೋನನ್ನು ಕಿರುಪ್ರಮಾಣದಲ್ಲಿ ಕೊಡಲಾಗಿತ್ತು. ವಾಡಿಕೆಯ ಪ್ರಮಾಣದಲ್ಲಿ ಅದು ಧಗೆಯ ಸಂಖ್ಯೆಯನ್ನು, ಹುಸಿಮಾತ್ರೆಗೆ ಹೋಲಿಸಿದರೆ, ಸುಮಾರು ಮುಕ್ಕಾಲು ಪಾಲು ಇಳಿಸುತ್ತದೆಂದು ಹಲವು ಪರೀಕ್ಷೆಗಳ ಸಂಗ್ರಹದಿಂದ ತಿಳಿಯುತ್ತದೆ. ಎಂಟು ವಾರಗಳ ಪರೀಕ್ಷೆಯಿಂದ ಏಳು ವರ್ಷಗಳ ಕಾಟಕ್ಕೆ ಪೂರ್ಣ ಉತ್ತರ ದೊರೆಯುವುದೂ ಇಲ್ಲ.

ಧಗೆಯನ್ನು ಬಿಟ್ಟು ಉಳಿದ ಬಾಬುಗಳನ್ನು ನೋಡಿದರೆ ಭೇದವು ಸ್ಪಷ್ಟವಾಗುತ್ತದೆ. ಹಾರ್ಮೋನು ಮೂಳೆಯನ್ನು ಕಾಯುತ್ತದೆ, ಯೋನಿಯ ಶುಷ್ಕತೆಯನ್ನು ಪರಿಹರಿಸುತ್ತದೆ. ಖಿನ್ನತೆನಿವಾರಕದಿಂದ ಇವೆರಡೂ ಆಗವು. ಇದರಿಂದ ಕೆಲವರಿಗೆ ಓಕರಿಕೆ, ಬಾಯಿ ಒಣಗುವುದು, ದಾಂಪತ್ಯಸುಖದಲ್ಲಿ ನಿರಾಸಕ್ತಿ ಉಂಟಾಗಬಹುದು. ವೆನ್ಲಫಾಕ್ಸಿನ್ ರಕ್ತದೊತ್ತಡವನ್ನು ಏರಿಸಬಲ್ಲದು. ಈ ಮದ್ದುಗಳನ್ನು ಥಟ್ಟನೆ ನಿಲ್ಲಿಸದೆ ಕ್ರಮವಾಗಿ ಇಳಿಸಬೇಕು. ಟಮಾಕ್ಸಿಫೆನ್ ಸೇವಿಸುವ ಕ್ಯಾನ್ಸರ್ ರೋಗಿಗೆ ಪರಾಕ್ಸೆಟಿನ್ ಸಲ್ಲದು. ಅದು ಟಮಾಕ್ಸಿಫೆನಿನ ಶಕ್ತಿಯನ್ನು ಕುಂದಿಸುತ್ತದೆ. ಅಲ್ಲಿ ವೆನ್ಲಫಾಕ್ಸಿನೇ ಮೇಲು.

ಹೀಗಿರಲು, ಯಾವ ಮದ್ದು ಮೇಲೆಂದು ಕೇಳುವ ಮುನ್ನ ಯಾರಿಗೆಂದು ಕೇಳಬೇಕು. ಐವತ್ತರ ಆಸುಪಾಸಿನ ಆರೋಗ್ಯವಂತ ಸ್ತ್ರೀಯ ತೀವ್ರವಾದ ಧಗೆಗೆ ಹಾರ್ಮೋನೇ ಪ್ರಧಾನ ಮದ್ದು. ಇಂಗ್ಲೆಂಡಿನ ಆರೋಗ್ಯಸೇವೆಗೆ ಮಾರ್ಗದರ್ಶಿಯಾದ ನೈಸ್ ಸಂಸ್ಥೆ, ಬರಿಯ ಧಗೆಗೆ ಖಿನ್ನತೆನಿವಾರಕವನ್ನು ಮೊದಲ ಮದ್ದಾಗಿ ವಾಡಿಕೆಯಂತೆ ಕೊಡಕೂಡದೆಂದು ೨೦೧೫ರಲ್ಲಿ ಸೂಚಿಸಿತು. ಸ್ತನಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ ಅಥವಾ ರಕ್ತ ಹೆಪ್ಪುಗಟ್ಟಿದ ಪೂರ್ವವೃತ್ತಾಂತವಿದ್ದವರಿಗೆ ಖಿನ್ನತೆನಿವಾರಕವು ನಿಜವಾದ ಆಸರೆ. ಧಗೆಯೊಡನೆ ನಿಜವಾದ ಖಿನ್ನತೆಯೂ ಇದ್ದವರಿಗೆ ಅದರಿಂದ ಎರಡು ಪ್ರಯೋಜನ. ೨೦೨೩ರಿಂದ ಬಳಕೆಗೆ ಬಂದಿರುವ ಫೆಜೊಲಿನೆಟಂಟ್ ಎಂಬ ಹೊಸ ಮದ್ದು ಮೂರನೆಯ ದಾರಿಯನ್ನು ತೆರೆದಿದೆ. ಆದರೆ ಅದನ್ನು ಸೇವಿಸುವವರ ಯಕೃತ್ತನ್ನು ಪರೀಕ್ಷಿಸುತ್ತಿರಬೇಕು.

ಭಾರತದ ಮಟ್ಟಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಇಲ್ಲಿ ನಲವತ್ತು ತುಂಬುವ ಮೊದಲೇ ಗರ್ಭಕೋಶವನ್ನು, ಕೆಲವೊಮ್ಮೆ ಅದರೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡವರು ಕಡಮೆಯಲ್ಲ. ಅಂಡಾಶಯಗಳನ್ನು ಕಳೆದುಕೊಂಡ ಎಳೆಯ ವಯಸ್ಸಿನವಳಿಗೆ ಧಗೆಯೊಂದೇ ತೊಂದರೆಯಲ್ಲ. ಮೂಳೆ ಮತ್ತು ಹೃದಯಗಳ ರಕ್ಷಣೆಯೂ ಅಕಾಲದಲ್ಲಿ ತಪ್ಪಿಹೋಗುತ್ತದೆ. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜ ಋತುನಿವೃತ್ತಿಯ ವಯಸ್ಸಿನವರೆಗೆ ಆಕೆಗೆ ಹಾರ್ಮೋನು ಅಗತ್ಯ. ಆ ಕೊರತೆಯನ್ನು ಖಿನ್ನತೆಯ ಮಾತ್ರೆ ತುಂಬಲಾರದು. ೨೦೦೨ರ ಭೀತಿಯನ್ನು ಇಂಥವಳಿಗೂ ಅನ್ವಯಿಸಿ ಮದ್ದನ್ನು ನಿರಾಕರಿಸಿದರೆ, ಅರವತ್ತಮೂರರ ಲೆಕ್ಕವನ್ನು ಮೂವತ್ತೆಂಟರವಳ ಹೆಸರಿಗೆ ಬರೆದಂತಾಗುತ್ತದೆ.